ಕತ್ತಿನ ಗರಿಯ ಹಳದಿ

ಫೆಬ್ರುವರಿ ೯

ತಂಗಿಗೆ,

ಏಳು ವರ್ಷದ ಮೇಲೆ ಅಕ್ಕನ ಕೈಬರಹ ನೋಡಿ ಏನೋ ಅನಾಹುತ ಆಗಿದೆ ಎಂದು ಹೆದರಬೇಡ. ಸಾಯುವಂಥವರು ಈ ಮನೆಯಲ್ಲಿ ಉಳಿದಿರುವುದು ನಾನೊಬ್ಬಳೇ, ನಾನು ಗಟ್ಟಿಯಾಗಿಯೇ ಇದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ವಿಷಯ ಕೋಳಿಗಳದ್ದು. ಅಪ್ಪನ ಬಿಳಿ ತಳಿಯಲ್ಲಿ ಹಳದಿ ಮತ್ತೆ ಬಂದಿದೆ.

ಎಲ್ಲಿಂದ ಬಂತು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕತ್ತಿನ ಗರಿಯಲ್ಲಿ ಹಳದಿ ಇದೆ ಎಂದು ಅಪ್ಪ ಕಳೆಯುವ ಸಾಲಿಗೆ ಹಾಕಿದ್ದ ಹೇಂಟೆಯನ್ನು ನೀನು ಬಚ್ಚಿಟ್ಟೆ. ಸತ್ತುಹೋದ ಇನ್ನೊಂದರ ಕಾಲಿನ ನಂಬರಿನ ಬಳೆಯನ್ನು ಅದಕ್ಕೆ ತೊಡಿಸಿ ಒಳ್ಳೆಯವುಗಳ ಗೂಡಿಗೆ ಸೇರಿಸಿದೆ. ಅಪ್ಪ ಹೋದ ಮೇಲೆ ಎರಡು ವರ್ಷ ಅದರ ಮೊಟ್ಟೆಗಳನ್ನೂ ನಾನು ಕಾವಿಗೆ ಇಟ್ಟೆ. ನೀನೇ ಹೇಳಿ ಗೊತ್ತಾದ ದಿನ ಅದನ್ನೂ ಅದರ ಹತ್ತೊಂಬತ್ತು ಮಕ್ಕಳನ್ನೂ ಕೈಯಾರೆ ಕತ್ತು ತಿರುವಿ ಹಾಕಿದೆ, ನಿನಗೂ ಆಡಬಾರದ ಮಾತು ಆಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆ ರಕ್ತ ಎಲ್ಲೋ ಉಳಿದುಬಿಟ್ಟಿದೆ.

ಹೋದ ವರ್ಷ ಅನುಮಾನ ಬಂತು. ಈ ವರ್ಷದ ಎಳೆಯವುಗಳಲ್ಲಿ ಅನುಮಾನಕ್ಕೂ ಜಾಗವಿಲ್ಲ. ಅಪ್ಪನ ಕಾಲದಲ್ಲಿ ಹಾಲಿನ ಹಾಗಿದ್ದ ಕತ್ತು ಈಗ ಹಳೆಯ ಪುಸ್ತಕದ ಹಾಳೆಯ ಹಾಗಿದೆ. ಮೂರು ಗರಿ ಇದರ ಜೊತೆ ಇಟ್ಟಿದ್ದೇನೆ. ನೀನೇ ನೋಡು. ಕಣ್ಣಿದ್ದವರಿಗೆ ಕಾಣುತ್ತದೆ.

ಒಟ್ಟು ನಲವತ್ಮೂರು ಇವೆ. ಈ ತಿಂಗಳ ಕೊನೆಯ ಭಾನುವಾರ ಕಳೆಯಲು ಕೂರುತ್ತೇನೆ. ಉತ್ತರ ಬರೆಯಲೇಬೇಕು ಎಂದಿಲ್ಲ. ನಿನ್ನ ಕೈಯ ಕೆಲಸ, ನಿನಗೆ ಗೊತ್ತಿರಲಿ ಎಂದು ತಿಳಿಸಿದೆ.

ಅಕ್ಕ


ಫೆಬ್ರುವರಿ ೧೭
(ಅಂಚೆಗೆ ಹಾಕದ್ದು)

ಅಕ್ಕಾ,

ನಿನ್ನ ಲಕೋಟೆಯನ್ನು ಒಡೆಯದೆ ಅರ್ಧ ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಒಳಗೆ ಬೈಗುಳವೇ ಇರಲಿ, ಒಡೆಯುವವರೆಗಾದರೂ ಅದು ಅಕ್ಕನ ಕಾಗದ.

ಗರಿಗಳು ಬಿಳಿಯಾಗಿವೆ. ಕೋಣೆಯ ಕಿಟಕಿಯ ಬೆಳಕು ಸರಿಯಿಲ್ಲವೇನೋ ಎಂದು ಮರುದಿನ ಕೆಲಸಕ್ಕೆ ಒಯ್ದೆ. ನಾನೇನು ಕೆಲಸ ಮಾಡುತ್ತೇನೆ ಎಂದು ನಿನಗೆ ತಿಳಿಯದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಟ್ಟೆಯ ತಾನುಗಳನ್ನು ಮಡಿಸಲು ಸೇರಿದವಳು ಈಗ ಬಣ್ಣ ಹೊಂದಿಸುವ ಕೋಣೆಯಲ್ಲಿ ಕೂರುತ್ತೇನೆ. ಒಳಗೆಲ್ಲ ಬೂದು ಬಳಿದ ಒಂದು ಪೆಟ್ಟಿಗೆ, ಮೇಲೆ ದೀಪ. ಎರಡು ತುಂಡು ಬಟ್ಟೆ ಅಕ್ಕಪಕ್ಕ ಇಟ್ಟು ಎರಡೂ ಒಂದೇ ಹೌದೋ ಅಲ್ಲವೋ ಹೇಳಬೇಕು. ನಾನು ಹೂಂ ಎಂದರೆ ಲಾರಿ ಹೊರಡುತ್ತದೆ. ಆ ದೀಪದ ಕೆಳಗೆ ನಿನ್ನ ಮೂರು ಗರಿ ಇಟ್ಟೆ. ನಮ್ಮ ಅತಿ ಬಿಳಿಯ ತಾನು ಅವುಗಳ ಪಕ್ಕ ಮಾಸಲಾಗಿ ಕಂಡಿತು. ಹಳದಿಯ ಸುಳಿವೂ ಇಲ್ಲ ಅಕ್ಕಾ. ನಮ್ಮ ಮನೆಯಲ್ಲಿ ಕೊಲ್ಲುವುದು ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ಹೊಲದಲ್ಲಿ ಕಳೆ ಕೀಳುವ ಹಾಗೆ ಕಳೆಯುವುದು ಎನ್ನುತ್ತಿದ್ದೆವು. ಒಂದನ್ನೂ ಕಳೆಯಬೇಡ.

ಇದನ್ನು ಕಳಿಸಿದರೆ ನೀನು ಏನೆನ್ನುತ್ತೀ ಎಂದು ಗೊತ್ತು. ಇವಳಿಗೆ ಇನ್ನೂ ಸೊಕ್ಕು ಇಳಿದಿಲ್ಲ ಎನ್ನುತ್ತೀ. ಮತ್ತೆ ಏಳು ವರ್ಷ...


ಫೆಬ್ರುವರಿ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂತು. ಗರಿಗಳನ್ನು ನೋಡಿದೆ. ನೀನು ಹೇಳಿದ ಹಾಗೆಯೇ ಇವೆ. ತಪ್ಪು ನನ್ನದು. ಅಪ್ಪ ಬೇಡವೆಂದದ್ದನ್ನು ಉಳಿಸಿಕೊಳ್ಳುವ ಹಕ್ಕು ನನಗಿರಲಿಲ್ಲ. ಆ ಹೇಂಟೆ ನನ್ನ ಹೆಜ್ಜೆ ಸಪ್ಪಳಕ್ಕೆ ಓಡಿ ಬರುತ್ತಿತ್ತು, ಅಷ್ಟೇ ಕಾರಣ. ಇಷ್ಟು ವರ್ಷ ಇದನ್ನು ಹೇಳಲು ಬಾಯಿ ಬರಲಿಲ್ಲ.

ಮೊಣಕಾಲಿಗೆ ಏನು ಮಾಡುತ್ತಿದ್ದೀ? ಅಂಗಳದ ಆ ಎತ್ತರದ ಮೆಟ್ಟಿಲು ಹಾಗೇ ಇದೆಯಾ? ನಾನು ಚೆನ್ನಾಗಿದ್ದೇನೆ. ಒಂದು ಕೋಣೆ, ಒಂದು ಒಲೆ, ಕೆಲಸ.

ಮತ್ತೆ ಬರೆ.

ನಿನ್ನ ತಂಗಿ


ಮಾರ್ಚ್ ೧೪

ಪ್ರೀತಿಯ ತಂಗಿ,

ನಿನ್ನ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕಣ್ಣು ಮಂಜಾಯಿತು. ಈಚೆಗೆ ಅದು ಸುಮ್ಮಸುಮ್ಮನೆಯೂ ಆಗುತ್ತದೆ, ನೀನೇನೂ ಉಬ್ಬಬೇಡ. ತಪ್ಪು ಒಪ್ಪಿಕೊಳ್ಳುವ ಜಾತಿಯವಳಲ್ಲ ನೀನು. ವಯಸ್ಸು ಕಲಿಸಿದೆ.

ಕೊನೆಯ ಭಾನುವಾರ ಬೆಳಗ್ಗೆಯೇ ಜಗುಲಿಯಲ್ಲಿ ಬೆಂಚು ಹಾಕಿ, ಬಿಳಿ ಬಟ್ಟೆ ಹಾಸಿ ಕೂತೆ. ಒಂದೊಂದನ್ನೇ ಮಡಿಲಿಗೆ ತೆಗೆದುಕೊಂಡು, ಅಪ್ಪ ಮಾಡುತ್ತಿದ್ದ ಹಾಗೆ ಕತ್ತಿನ ಗರಿ ಊದಿ ಬುಡದವರೆಗೆ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಹೋದವು. ದಾಣಿ ಅಂಗಡಿಯವನು ಕೋಳಿ ಮೇವಿನ ಮೂಟೆ ಇಳಿಸಲು ಬಂದವನು ನೋಡುತ್ತ ನಿಂತ.

"ಅಮ್ಮಾ, ನನ್ನ ಕಣ್ಣಿಗೆ ಈ ಸತ್ತವೆಲ್ಲಾ ಬೆಳ್ಳಗೇ ಕಾಣ್ತಾವಲ್ಲ" ಎಂದ.

"ನಿನ್ನ ಕಣ್ಣಿಗೆ ತೌಡೂ ಹೊಟ್ಟೂ ಒಂದೇ ಥರ ಕಾಣ್ತವೆ ಅಂತ ಎಲ್ಲರಿಗೂ ಗೊತ್ತಪ್ಪಾ" ಎಂದೆ. ಮೂಟೆ ಇಳಿಸಿ ಹೋದ.

ಮೂವತ್ತೊಂದನೇ ಬಳೆಯ ಹೇಂಟೆ ಒಂದಿತ್ತು. ಜುಟ್ಟು, ಕಾಲು, ಬಾಲದ ಓರೆ, ಒಂದರಲ್ಲೂ ಕೊಂಕು ತೆಗೆಯುವಂತಿಲ್ಲ. ಕತ್ತು ಮಾತ್ರ. ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಬಿಸಿಲಿಗೆ ಅದು ಕಣ್ಣು ಮುಚ್ಚಿ ನಿದ್ದೆ ಮಾಡಿಬಿಟ್ಟಿತು. ನಿನ್ನ ಕಾಗದ ಬಂದಿರದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ನೀನೂ ನೋಡಿ ಹೌದೆಂದ ಮೇಲೆ ಅನುಮಾನ ಯಾತಕ್ಕೆ ಎಂದು ಮುಗಿಸಿದೆ.

ಮೆಕ್ಕೆಜೋಳ ಹಾಕುವುದನ್ನು ನಿಲ್ಲಿಸಿದ್ದೇನೆ. ಅದನ್ನು ತಿಂದರೂ ಬಿಸಿಲಿಗೆ ಮೇಯ್ದರೂ ಬಿಳಿ ಗರಿ ಹಳದಿಗೆ ತಿರುಗುತ್ತದೆ, ನಿನಗೆ ನೆನಪಿರಬೇಕು. ಅಂಗಳಕ್ಕೆಲ್ಲ ನೆರಳಿನ ಬಲೆ ಕಟ್ಟಿಸಿದೆ. ಆದರೂ ಏನೂ ಬದಲಾಗಿಲ್ಲ.

ನಿನ್ನ ಕೋಣೆಗೆ ಕಿಟಕಿ ಇದೆಯಾ? ಚಿಕ್ಕವಳಿದ್ದಾಗ ಕಿಟಕಿ ಮುಚ್ಚಿದರೆ ನಿನಗೆ ಉಸಿರು ಕಟ್ಟುತ್ತಿತ್ತು.

ನಿನ್ನ ಅಕ್ಕ


ಏಪ್ರಿಲ್ ೩

ಪ್ರೀತಿಯ ಅಕ್ಕನಿಗೆ,

ಕಿಟಕಿ ಇದೆ. ಎದುರಿಗೆ ಪಕ್ಕದ ಕಟ್ಟಡದ ಗೋಡೆ, ಆದರೂ ಗಾಳಿ ಬರುತ್ತದೆ. ಕಿಟಕಿಯ ವಿಷಯ ನಿನಗೆ ನೆನಪಿದೆ ಎಂದು ಓದಿ ಆ ದಿನವೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದೆ. ಪಕ್ಕದಲ್ಲಿ ಕೂರುವವಳು "ಏನ್ರೀ, ಲಾಟರಿ ಹೊಡೀತಾ?" ಎಂದಳು.

ಮೂವತ್ತೊಂದನೆಯದರ ವಿಷಯ ಓದಲು ಕಷ್ಟವಾಯಿತು.

ಅಕ್ಕಾ, ಒಂದು ಮಾತು. ಇನ್ನು ಮುಂದೆ ಕಳೆಯುವ ಮುಂಚೆ ಬೇರೆ ಯಾರಿಗಾದರೂ ತೋರಿಸಬಾರದಾ? ನಿನ್ನ ಮೇಲೆ ನಂಬಿಕೆಯಿಲ್ಲ ಅಂತಲ್ಲ. ಮೇ ತಿಂಗಳಲ್ಲಿ ಕೋಳಿ ಪ್ರದರ್ಶನ ಇರುತ್ತದಲ್ಲ, ಅಲ್ಲಿ ತೀರ್ಪು ಕೊಡುವವರು ನೋಡಲಿ. ಅಲ್ಲಿಯವರೆಗೆ ಉಳಿದವು ಹಾಗೇ ಇರಲಿ. ನನಗೋಸ್ಕರ.

ನಿನ್ನ ತಂಗಿ


ಮೇ ೨೬

ತಂಗಿ,

ನಿನ್ನ ಮಾತು ಕೇಳಿ ಪ್ರದರ್ಶನಕ್ಕೆ ಹೋದೆ. ಇನ್ನೊಂದು ಸಲ ಯಾರ ಮಾತೂ ಕೇಳುವುದಿಲ್ಲ.

ಇರುವುದರಲ್ಲಿ ಮೈಕಟ್ಟು ಒಳ್ಳೆಯದಿದ್ದ ನಾಲ್ಕು ಆರಿಸಿ ಹಿಂದಿನ ದಿನ ಸ್ನಾನ ಮಾಡಿಸಿದೆ. ಕೊನೆಯ ನೀರಿಗೆ ಬಟ್ಟೆಯ ನೀಲಿ ಎರಡು ಹನಿ ಹಾಕುವುದು ಅಪ್ಪನ ಕಾಲದಿಂದಲೂ ಇರುವುದೇ. ಎರಡು ಹನಿಗೆ ಹಳದಿ ಹೋಗಲಿಲ್ಲ. ಇನ್ನೆರಡು ಹಾಕಿದೆ. ಮತ್ತೂ ಹಾಕಿದೆ. ಕೊನೆಗೆ ಅಚ್ಚ ಬಿಳಿ ಬಂತು. ಎಷ್ಟೋ ವರ್ಷದ ಮೇಲೆ ಅಂಥ ಬಿಳಿ ಕಂಡು ಎದೆ ತುಂಬಿ ಬಂತು.

ಅಲ್ಲಿ ಪಂಜರದ ಮುಂದೆ ಜನ ಗುಂಪುಗೂಡಿದರು. ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡೆ. ತೀರ್ಪುಗಾರ ನಿನ್ನ ವಯಸ್ಸಿನವನು, ಅಪ್ಪನ ಹೆಸರು ಹೇಳಿದರೆ ಎದ್ದು ನಿಲ್ಲಬೇಕಾದವನು. ರೆಕ್ಕೆ ಬಿಡಿಸಿ ನೋಡಿ, "ಇದೇನಮ್ಮಾ, ಆಕಾಶದ ಬಣ್ಣ ಬಳಿದಿದ್ದೀರಲ್ಲ? ಆಟ ಆಡೋಕೆ ಬಂದಿದ್ದೀರಾ?" ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಬಣ್ಣ ಹಚ್ಚಿದ ಕೋಳಿ ಎಂದು ಚೀಟಿ ಅಂಟಿಸಿ ನಾಲ್ಕನ್ನೂ ಸಾಲಿನಿಂದ ಹೊರಗೆ ಇಡಿಸಿದರು. ಮೂವತ್ತೆಂಟು ವರ್ಷ ಬಹುಮಾನ ತಂದ ಮನೆ ನಮ್ಮದು. ಹೊಟ್ಟೆಕಿಚ್ಚಿನ ಮಂದಿ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಇದರ ಬೇರು ಹಳೇ ಹುಂಜದಲ್ಲೇ ಇದೆ. ಅಪ್ಪ ಕೊನೆಯದಾಗಿ ತಮ್ಮ ಕೈಯಲ್ಲಿ ಆರಿಸಿದ ಜೋಡಿಯ ಮಗ ಅವನು, ಈ ಅಂಗಳದಲ್ಲಿರುವ ಎಲ್ಲಕ್ಕೂ ಅಪ್ಪನೋ ಅಜ್ಜನೋ ಆಗಬೇಕು. ನಿನ್ನ ಹೇಂಟೆಯ ಜೊತೆ ಒಂದೇ ಗೂಡಿನಲ್ಲಿದ್ದವನು. ಈಗ ನೋಡಿದರೆ ಅವನ ಕತ್ತು, ಬೆನ್ನು ಎಲ್ಲ ಹಳದಿ. ಜೂನ್ ಏಳು ಭಾನುವಾರ. ಅವನನ್ನೂ ಅವನ ಹತ್ತಿರದವುಗಳನ್ನೂ ಕಳೆದು, ಬಿಳಿ ಉಳಿದವುಗಳಿಂದ ಹೊಸದಾಗಿ ಶುರು ಮಾಡುತ್ತೇನೆ.

ಅಕ್ಕ


ಮೇ ೩೦

ಅಕ್ಕಾ,

ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದು.

ನಾನು ಕಾರ್ಖಾನೆಯಲ್ಲಿ ಬಟ್ಟೆಯ ಬಣ್ಣ ಪರೀಕ್ಷೆ ಮಾಡುವವಳು. ನನಗೆ ಆ ಕೆಲಸ ಕಲಿಸಿದ ಮೇಸ್ತ್ರಿ ಒಬ್ಬರಿದ್ದರು, ಅವರಂಥ ಕಣ್ಣು ಯಾರಿಗೂ ಇರಲಿಲ್ಲ. ಒಂದು ವರ್ಷ ಅವರು ಬಿಳಿ ತಾನುಗಳನ್ನೆಲ್ಲ ಹಳದಿ ಎಂದು ವಾಪಸು ಮಾಡತೊಡಗಿದರು. ನೀಲಿ ಹೆಚ್ಚು ಹಾಕಿಸಿದರು. ಹೊರಗಿನವರು ನಕ್ಕರು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಪೊರೆ ಬೆಳೆಯುತ್ತ ಹೋದ ಹಾಗೆ ಎಲ್ಲವೂ ಹಳದಿಯಾಗುತ್ತದಂತೆ. ಅದು ಎಷ್ಟು ನಿಧಾನ ಎಂದರೆ ಅವರವರಿಗೆ ತಿಳಿಯುವುದೇ ಇಲ್ಲ.

ನಿನ್ನ ಕೋಳಿಗಳು ಬಿಳಿಯಾಗಿವೆ. ಹುಂಜ ಬಿಳಿಯಾಗಿದೆ. ತೀರ್ಪುಗಾರ ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ. ನೀನು ಬಿಳಿ ಎಂದದ್ದು ನೀಲಿ.

ಹುಂಜವನ್ನು ಮುಟ್ಟಬೇಡ. ಮೊದಲು ಕಣ್ಣಿನ ಆಸ್ಪತ್ರೆಗೆ ಹೋಗು. ನಾನು ರಜೆ ಹಾಕಿ ಬರುತ್ತೇನೆ, ಒಂದು ಸಾಲು ಬರೆ ಸಾಕು.

ನಿನ್ನ ತಂಗಿ


ಜೂನ್ ೧೦

ನಿನ್ನ ಕಾಗದ ಗುರುವಾರವೇ ಬಂತು. ಭಾನುವಾರಕ್ಕಿಂತ ಮೂರು ದಿನ ಮುಂಚೆ. ಅದು ನಿನಗೆ ತಿಳಿದಿರಲಿ.

ಮೊದಲು ನೀನು ಹೇಂಟೆಯ ಕಾಲಿನ ಬಳೆ ಬದಲಾಯಿಸಿದೆ. ಈಗ ನನ್ನ ಕಣ್ಣೇ ಬದಲಾಯಿಸಲು ಹೊರಟೆ. ನಿನ್ನ ತಪ್ಪು ನನ್ನ ಕಣ್ಣಿನ ದೋಷವಾಗಿಬಿಟ್ಟರೆ ನೀನು ಬಚಾವು, ಅಲ್ಲವಾ? ಫೆಬ್ರುವರಿಯಲ್ಲಿ ಗರಿ ನೋಡಿ ಹಳದಿ ಎಂದು ನೀನೇ ಒಪ್ಪಿದ್ದೆ. ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ಹುಂಜವನ್ನು ಕಳೆದೆ. ಓದಿದ ಮೇಲೆಯೇ ಕಳೆದೆ. ವಯಸ್ಸಾಗಿದ್ದ, ಕತ್ತು ಗಟ್ಟಿ, ಒಂದೇ ಸಲಕ್ಕೆ ಆಗಲಿಲ್ಲ. ಅವನ ಜೊತೆ ಹದಿನಾರು. ಈಗ ಒಂಬತ್ತು ಉಳಿದಿವೆ, ಒಂಬತ್ತೂ ಬಿಳಿ.

ಬರುವುದು ಬೇಡ.

ಅಕ್ಕ


ಆಗಸ್ಟ್ ೨

ಅಕ್ಕಾ,

ಇದು ಮೂರನೆಯ ಕಾಗದ. ಬೈದಾದರೂ ಬರೆ. ದಾಣಿ ಅಂಗಡಿಗೆ ಫೋನು ಮಾಡಿದ್ದೆ, ನಾನು ಯಾರೆಂದು ಹೇಳಲಿಲ್ಲ. ನೀನು ಅಂಗಳದ ಮೆಟ್ಟಿಲಿನಲ್ಲಿ ಎಡವಿ ಬಿದ್ದು ಹಣೆಗೆ ಪೆಟ್ಟು ಮಾಡಿಕೊಂಡಿದ್ದೀ ಎಂದು ಅವರು ಹೇಳಿದರು. ಅವರ ಜೊತೆಗಾದರೂ ಸರಿ, ಆಸ್ಪತ್ರೆಗೆ ಹೋಗಿ ಬಾ.

ನಿನ್ನ ತಂಗಿ


ಸೆಪ್ಟೆಂಬರ್ ೨೮

ತಂಗಿಗೆ,

ಬಲಗಣ್ಣಿನ ಪೊರೆ ತೆಗೆದು ಹನ್ನೆರಡು ದಿನವಾಯಿತು. ದಾಣಿ ಅಂಗಡಿಯವನೇ ಕರೆದುಕೊಂಡು ಹೋದ. ಎರಡು ತಿಂಗಳು ಬೆನ್ನು ಬಿಡಲಿಲ್ಲ, ಸಾಕಾಗಿ ಹೂಂ ಎಂದೆ. ಫೋನು ಮಾಡಿದ್ದು ನೀನೇ ಎಂದು ಅವನಿಗೆ ಅವತ್ತೇ ಗೊತ್ತಾಗಿತ್ತಂತೆ. "ನಿಮ್ಮದೇ ಗಂಟಲು ಅಮ್ಮಾ, ಸ್ವಲ್ಪ ಮೆತ್ತಗೆ" ಎಂದ.

ವೈದ್ಯೆ ಚಿಕ್ಕ ಹುಡುಗಿ. ಕಣ್ಣಿಗೆ ದೀಪ ಹಿಡಿದು, "ಇಷ್ಟು ದಿನ ಹೇಗೆ ಓಡಾಡ್ತಿದ್ರಿ ಅಜ್ಜೀ? ಪೊರೆ ಕಂದು ಬಣ್ಣಕ್ಕೆ ಬಂದಿದೆ" ಎಂದಳು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವಳ ಅಂಗಿ. ಅಷ್ಟು ಬಿಳಿ ಬಟ್ಟೆ ಇರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಜೋರಾಗಿ ಅತ್ತುಬಿಟ್ಟೆ. ಹೊಸ ಕಣ್ಣಿಗೆ ನೀರು ತಾಗಬಾರದು ಎಂದು ಗದರಿಸಿದಳು.

ಮನೆಗೆ ಬಂದು ನೇರವಾಗಿ ಗೂಡಿಗೆ ಹೋದೆ. ಉಳಿಸಿಕೊಂಡ ಒಂಬತ್ತೂ ಬೂದಿ ಬಣ್ಣದವು. ನೀಲಿ ಹಾಯ್ದ ಬೂದಿ, ಒಲೆಯಿಂದ ಎತ್ತಿ ಹಾಕಿದ ಹಾಗೆ. ಅಪ್ಪ ಇದ್ದಿದ್ದರೆ ಮರಿಯಲ್ಲೇ ಕಳೆಯುತ್ತಿದ್ದಂಥವು. ಹಳದಿ ಕಣ್ಣಿಗೆ ಅವೇ ಬಿಳಿಯಾಗಿ ಕಂಡಿದ್ದವು. ಬಿಳಿಯವನ್ನೆಲ್ಲ ಕೊಂದು ಇವನ್ನು ಸಾಕಿದ್ದೇನೆ. ಹೌದು, ಕೊಂದು. ಇನ್ನು ಅದಕ್ಕೆ ಬೇರೆ ಮಾತು ಬೇಡ.

ಹುಂಜದ ಪಾಪ ನನ್ನದು. ನಿನ್ನ ಕಾಗದ ಓದಿ, ನಿನ್ನ ಮೇಲಿನ ಸಿಟ್ಟಿಗೆ ಮಾಡಿದ್ದು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಆದರೆ ಒಂದು ಕೇಳಬೇಕು. ಬಣ್ಣ ನೋಡುವುದೇ ನಿನ್ನ ಕೆಲಸ ಎಂದು ನೀನು ಮೇ ತಿಂಗಳಲ್ಲಿ ಬರೆದೆ. ಫೆಬ್ರುವರಿಯಲ್ಲಿ ನಾನು ಕಳಿಸಿದ ಮೂರು ಗರಿ ನಿನಗೆ ಯಾವ ಬಣ್ಣದವಾಗಿ ಕಂಡಿದ್ದವು?

ಅಕ್ಕ


ಅಕ್ಟೋಬರ್ ೫

ಅಕ್ಕಾ,

ಬಿಳಿ.

ಮೊದಲ ದಿನವೇ ಬಿಳಿಯಾಗಿ ಕಂಡಿದ್ದವು. ಕಾರ್ಖಾನೆಯ ದೀಪದ ಕೆಳಗೆ ಇಟ್ಟೂ ನೋಡಿದ್ದೆ. ಹಾಗೆಂದು ಒಂದು ಕಾಗದವನ್ನೂ ಬರೆದಿದ್ದೆ, ಕಳಿಸಲಿಲ್ಲ. ನಿನಗೆ ಪೊರೆ ಬಂದಿದೆ ಎಂದು ಆಗ ಹೊಳೆದಿರಲಿಲ್ಲ, ಅದು ನಿಜ. ಜಗಳಕ್ಕೆ ನೆಪ ಹುಡುಕುತ್ತಿದ್ದೀ ಎಂದುಕೊಂಡೆ. ಹಳದಿ ಅಲ್ಲ ಎಂದರೆ ನೀನು ಬರೆಯುವುದು ನಿಲ್ಲಿಸುತ್ತೀ, ಹೌದು ಎಂದರೆ ಬರೆಯುತ್ತೀ. ಅಷ್ಟೇ ಲೆಕ್ಕ ಹಾಕಿದೆ. ಕೋಳಿಗಳು ನನಗೆ ಆ ಹೊತ್ತಿನಲ್ಲಿ ಲೆಕ್ಕಕ್ಕೇ ಬರಲಿಲ್ಲ.

ನೀನು ಮೂವತ್ತೊಂದನೆಯದರ ಬಗ್ಗೆ ಬರೆದ ಕಾಗದದಲ್ಲೇ ನನ್ನ ಕಿಟಕಿಯ ಬಗ್ಗೆಯೂ ಕೇಳಿದ್ದೆ. ಮೇಲಿನ ಸಾಲು ಓದಿ ಕಾಗದ ಮಡಿಸಿಟ್ಟೆ, ಮತ್ತೆ ಬಿಡಿಸಿದೆ. ಕೆಳಗಿನ ಸಾಲು ಓದಿ ನಕ್ಕೆ. ಆಗಲೂ ಬಾಯಿ ಬಿಡಲಿಲ್ಲ. ಪ್ರದರ್ಶನಕ್ಕೆ ಕಳಿಸಿದ್ದೂ ನಾನು ಹೇಳಬೇಕಾದದ್ದನ್ನು ಬೇರೆಯವರು ಹೇಳಲಿ ಎಂದೇ. ಅಲ್ಲಿ ನಿನಗೆ ಆದ ಅವಮಾನವೂ ನನ್ನದೇ.

ಏನು ಬೇಕಾದರೂ ಬರೆ. ಬರೆಯದಿದ್ದರೂ ಕಾಯುತ್ತೇನೆ.

ನಿನ್ನ ತಂಗಿ


ಡಿಸೆಂಬರ್ ೧೩

ತಂಗಿಗೆ,

ಕೂಡಲೇ ಉತ್ತರ ಬರೆದಿದ್ದರೆ ಏಳು ವರ್ಷದ ಹಿಂದಿನ ಮಾತುಗಳೇ ಬರುತ್ತಿದ್ದವು. ಅದಕ್ಕೆ ಎರಡು ತಿಂಗಳು ಬಿಟ್ಟೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕು ಸಲ ಕೂತೆ. ಕೈ ಓಡಲಿಲ್ಲ. ಮೂವತ್ತೊಂದನೆಯದು ಮಡಿಲಲ್ಲಿ ನಿದ್ದೆ ಮಾಡಿದ್ದು ಇನ್ನೂ ತೊಡೆಯ ಮೇಲೆ ಬೆಚ್ಚಗೆ ಕೂತಿದೆ. ಆದರೆ ನೀನು ನನಗೆ ಯಾಕೆ ಅಷ್ಟು ಹೆದರಿದೆ ಎಂದು ಯೋಚಿಸಿದೆ. ಅಮ್ಮ ಇಲ್ಲದ ಮನೆಯಲ್ಲಿ ನಿನ್ನನ್ನು ಸಾಕಿದವಳು ನಾನು. ಒಂದು ನಿಜ ಹೇಳಿದರೆ ಅಕ್ಕ ಏಳು ವರ್ಷ ಮಾತು ಬಿಡುತ್ತಾಳೆ ಎಂದು ನಿನಗೆ ಕಲಿಸಿದವಳೂ ನಾನೇ. ಅದರ ಮುಂದೆ ಯೋಚನೆ ಓಡುವುದಿಲ್ಲ. ಬರೆಯುವುದನ್ನು ನಿಲ್ಲಿಸಬೇಡ. ನನ್ನನ್ನು ಸಮಾಧಾನ ಮಾಡಲು ಮಾತ್ರ ಬರೆಯಬೇಡ.

ಬೂದಿ ಬಣ್ಣದವು ಒಂಬತ್ತೂ ಇವೆ. ಮೊಟ್ಟೆ ಇಡುತ್ತವೆ, ನಾನು ಕಾವಿಗೆ ಇಡುವುದಿಲ್ಲ, ದಾಣಿ ಅಂಗಡಿಯವನು ಒಯ್ಯುತ್ತಾನೆ. ನಮ್ಮ ತಳಿ ಇಲ್ಲಿಗೆ ಮುಗಿಯಿತು.

ಎಡಗಣ್ಣಿಗೆ ನವೆಂಬರಿನಲ್ಲಿ ತಾರೀಕು ಕೊಟ್ಟಿದ್ದರು. ಹೋಗಲಿಲ್ಲ. ಆ ವೈದ್ಯೆ ಫೋನು ಮಾಡಿ, "ಭಯಾನಾ ಅಜ್ಜೀ?" ಎಂದು ಕೇಳಿದಳು. ಭಯ ಅಲ್ಲ, ಈಗ ಬೇಡ ಎಂದೆ. ನಿನಗೆ ನಿಜ ಹೇಳುತ್ತೇನೆ, ಯಾರಿಗಾದರೂ ಒಬ್ಬರಿಗೆ ಹೇಳಬೇಕು. ಬೆಳಗ್ಗೆ ಅಂಗಳಕ್ಕೆ ಇಳಿದಾಗ ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಡಗಣ್ಣಿಗೆ ಗೋಡೆ ಹಳದಿ, ಆಕಾಶ ಹಳದಿ, ನನ್ನ ಕೈಯೂ ಹಳದಿ. ಹಾಗಾದರೆ ಅವತ್ತು ಬೆಂಚಿನ ಮೇಲೆ ಕೂತು ನಾನು ಕಂಡದ್ದು ಸುಳ್ಳಲ್ಲ. ಹುಂಜ ಹಳದಿಯಾಗಿತ್ತು. ಮೂವತ್ತೊಂದನೆಯದೂ ಹಳದಿಯಾಗಿತ್ತು. ಎಲ್ಲ ಸರಿಯಾಗಿಯೇ ಮಾಡಿದ್ದೇನೆ.

ಆಮೇಲೆ ಕೈ ತೆಗೆದು ದಾಣಿ ಹಾಕುತ್ತೇನೆ.

ನಿನ್ನ ಅಕ್ಕ